ಮಗುಚಲು ಮರೆತ ಭಾಷಣ

“ಕೈಗೊಂದು ಪೆನ್ನು ಸಿಕ್ಕಿತೆಂದು ಯಾರೂ ರಾಜರಾಗುವುದಿಲ್ಲ!” ಕ್ಲೇಟನ್ ಬೋಗ್ಸ್ ಮೇಜು ಗುದ್ದಿದ. “ಸಂಸತ್ತನ್ನು ಪಕ್ಕಕ್ಕೆ ತಳ್ಳಿ, ಒಬ್ಬರೇ ಕೂತು ಆದೇಶದ ಮೇಲೆ ಆದೇಶ ಹೊರಡಿಸುವ ಅಧ್ಯಕ್ಷರನ್ನು ಕೇಳುತ್ತೇನೆ, ಇದೇನು ಅಮೆರಿಕವೋ, ನಿಮ್ಮಪ್ಪನ ಮನೆಯೋ?”

ಏನೋ ಎಡವಟ್ಟಾಗಿದೆಯೆಂದು ನೋರೀನ್‌ಗೆ ಹೊಳೆಯಿತು. ಓಹಾಯೋದ ಆ ಟೀವಿ ಸ್ಟುಡಿಯೋದಲ್ಲಿ ಕ್ಯಾಮೆರಾದ ಮುಂದಿನ ಗಾಜಿನ ಮೇಲೆ ಅಕ್ಷರ ಉರುಳಿಸುವುದು ಅವಳ ಕೆಲಸ. ಅದನ್ನು ನೋಡಿಕೊಂಡು ಓದುವುದು ಬೋಗ್ಸ್‌ನ ಕೆಲಸ. ಸಂಜೆ ಏಳರ ಕಾರ್ಯಕ್ರಮ, ನೇರ ಪ್ರಸಾರ. ಈಗಿನ ಅಧ್ಯಕ್ಷರೋ ಬೋಗ್ಸ್‌ನ ಸ್ವಂತ ಪಕ್ಷದವರು! ಹೊಸ ಆದೇಶ ಹೊರಡಿಸಿದ್ದಕ್ಕೆ ಇಂದು ಅವರನ್ನು ಹೊಗಳಬೇಕಿತ್ತು. ಆರು ವರ್ಷದ ಹಿಂದೆ ಎದುರು ಪಕ್ಷದ ಅಧ್ಯಕ್ಷರು ಇಂಥದ್ದೇ ಆದೇಶ ಹೊರಡಿಸಿದಾಗ ತಾನು ಮಾಡಿದ್ದ ಭಾಷಣವನ್ನೇ ಅವನು ಈಗ ಅಕ್ಷರ ಬಿಡದೆ ಓದುತ್ತಿದ್ದ.

ಆದದ್ದಿಷ್ಟೆ. ಅಲ್ಲಿ ಹೊಸದಾಗಿ ಬರೆಯುವ ಪದ್ಧತಿ ಕಡಿಮೆ. ಬರೆಯುವವನು ಹಳೆಯ ಭಾಷಣವೊಂದನ್ನು ತೆಗೆದು, ತಾರೀಕು ಬದಲಿಸಿ, ‘ಸರ್ವಾಧಿಕಾರ’ ಇದ್ದಲ್ಲಿ ‘ದಿಟ್ಟತನ’, ‘ನಾಚಿಕೆಗೇಡು’ ಇದ್ದಲ್ಲಿ ‘ಹೆಮ್ಮೆ’ ಎಂದು ಹಾಕಿ ರೊಟ್ಟಿಯಂತೆ ಮಗುಚಿಬಿಡುತ್ತಾನೆ. ಇಂದು ತಾರೀಕು ಬದಲಿಸಿದವನು ಮಗುಚುವುದನ್ನು ಮರೆತು ಹಲ್ಲುನೋವೆಂದು ಮನೆಗೆ ಹೋಗಿದ್ದ. ನೋರೀನ್ ತಾರೀಕು ನೋಡಿ ಗಾಜಿಗೇರಿಸಿದ್ದಳು.

“ನಿಲ್ಸೇ! ಯಾರನ್ನ ಬೈತಿದಾನೆ ಗೊತ್ತಾ ಅವ್ನು?” ಕಾರ್ಯಕ್ರಮದ ಮೇಲ್ವಿಚಾರಕಿ ರೋಂಡಾ ನೋರೀನ್‌ಳ ಕಿವಿಯ ಯಂತ್ರದಲ್ಲಿ ಕಿರುಚಿದಳು.

“ನಿಲ್ಸಿದ್ರೆ ಬಾಯಿ ಬಿಟ್ಕೊಂಡು ಕೂತ್ಕೋತಾರೆ ರೋಂಡಾ! ಜಾಹೀರಾತು ಹಾಕು, ಬೇಗ!”

ಸೋಪಿನ ಜಾಹೀರಾತು ಶುರುವಾಯಿತು. ಮತ್ತೆ ಪ್ರಸಾರಕ್ಕೆ ಉಳಿದದ್ದು ಮೂರು ನಿಮಿಷ. ಅಷ್ಟರಲ್ಲಾಗಲೇ ಹತ್ತೂ ಫೋನುಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು.

“ಹೆಂಗಿತ್ತು?” ಬೋಗ್ಸ್ ಟೈ ಸಡಿಲಿಸುತ್ತ ಕೇಳಿದ. “ಮೈಯೆಲ್ಲ ಬೆಂಕಿ ಆಗೋಯ್ತು ಇವತ್ತು!”

“ಬೆಂಕಿ ಬಿದ್ದಿದ್ದು ನಮ್ಮ ಮನೆಗೇ, ಮಾರಾಯ!” ಓಡಿಬಂದ ರೋಂಡಾ ಏದುಸಿರು ಬಿಡುತ್ತಿದ್ದಳು. “ನಮ್ಮ ಅಧ್ಯಕ್ಷರನ್ನೇ ಬೈದೆಯಲ್ಲೋ!”

“ನಾನಾ? ಯಾವಾಗ?”

“ಈಗಲೇ! ಎಂಟು ನಿಮಿಷ!”

ಬೋಗ್ಸ್ ಗಾಬರಿಯಿಂದ ತಿರುಗಿದ. “ನೋರೀನ್! ಏನನ್ನ ಓದಿಸಿಬಿಟ್ಟೆ ನನ್ನ ಹತ್ರ?”

“ನಿಮ್ದೇ ಮಾತು ಕ್ಲೇಟನ್. ನಾನು ಒಂದಕ್ಷರ ಸೇರಿಸಿಲ್ಲ.”

“ಕಾರ್ಯಕ್ರಮ ಮುಗೀಲಿ,” ಎಂದಳು ರೋಂಡಾ, “ನಿನ್ನ ಕೆಲಸಾನೂ ಮುಗೀತು.”

ನೋರೀನ್‌ಗೆ ಮನೆ ನೆನಪಾಯಿತು. ಮನೆಯಲ್ಲಿ ಗಂಡ ವಾಲ್ಟರ್‌ಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅದರ ವಿಮೆ ಬರುವುದು ಈ ಕೆಲಸದಿಂದ. ಕೆಲಸ ಹೋದರೆ ಅದೂ ಹೋಯಿತು. ಆದರೆ ನಿಜ ಹೇಳಬೇಕಲ್ಲ, ಆ ಎಂಟು ನಿಮಿಷ ಅವಳೊಳಗೆ ಒಂದು ಕುಣಿತವೇ ನಡೆದಿತ್ತು! ಹದಿನೆಂಟು ವರ್ಷ ಈ ಮಗುಚಾಟ ನೋಡಿ ಅವಳಿಗೆ ರೋಸಿಹೋಗಿತ್ತು. ಈ ಚಾನೆಲ್ಲೂ ಅಷ್ಟೇ, ಎದುರು ಪಕ್ಷದ ಕಡೆಯ ಎದುರು ಬೀದಿಯ ಚಾನೆಲ್ಲೂ ಅಷ್ಟೇ. ಒಬ್ಬರಿಗೆ ಮೂಗಿಲ್ಲ, ಇನ್ನೊಬ್ಬರಿಗೆ ಮಾನವಿಲ್ಲ.

“ಒಂದೂವರೆ ನಿಮಿಷ!” ಕ್ಯಾಮೆರಾದವನು ಕೂಗಿದ.

“ಅಧ್ಯಕ್ಷರನ್ನ ಹೊಗಳೋದು ಬೇಕು, ಅಷ್ಟೇ ತಾನೇ?” ನೋರೀನ್ ಕೇಳಿದಳು. “ಇದೆ ನನ್ನ ಹತ್ರ.”

ಎಲ್ಲಿಂದ ಎಂದು ಯಾರೂ ಕೇಳಲಿಲ್ಲ. ಕೇಳಲು ಪುರುಸೊತ್ತೂ ಇರಲಿಲ್ಲ. ಅವಳು ತನ್ನ ಕಂಪ್ಯೂಟರಿನಲ್ಲಿ ತಡಕಾಡಿ ಒಂದು ಭಾಷಣ ಹೆಕ್ಕಿದಳು. ಮೇಲೆ ತನ್ನದೇ ಎರಡು ಸಾಲು ಒತ್ತಿ ಗಾಜಿಗೇರಿಸಿದಳು. ಕೆಂಪು ದೀಪ ಹೊತ್ತಿತು.

“ಇಲ್ಲಿಯ ತನಕ ನೀವು ಕೇಳಿದ್ದು ವಿರೋಧಿಗಳ ವಾದ,” ಬೋಗ್ಸ್ ಗಂಭೀರವಾಗಿ ಶುರುಮಾಡಿದ. “ಈಗ ಸತ್ಯ ಕೇಳಿ. ಜನ ಕಷ್ಟದಲ್ಲಿರುವಾಗ ಸಂಸತ್ತು ಗೊರಕೆ ಹೊಡೆಯುತ್ತಿದ್ದರೆ, ಅಧ್ಯಕ್ಷರಾದವರು ಎದ್ದು ಕೆಲಸ ಮಾಡಬಾರದೇ? ಇದು ಸರ್ವಾಧಿಕಾರವಲ್ಲ ಸ್ವಾಮಿ, ಇದು ಹೆತ್ತ ಕರುಳು!”

ಓದುತ್ತ ಓದುತ್ತ ಅವನ ಕಣ್ಣುಗಳು ನಿಜಕ್ಕೂ ತುಂಬಿಬಂದವು. ಆ ಕಡೆ ಫೋನುಗಳು ಒಂದೊಂದಾಗಿ ಸುಮ್ಮನಾದವು, ಮತ್ತೆ ಬಡಿದುಕೊಂಡವು. ಈ ಸಲ ಬರೀ ಭೇಷ್, ಭೇಷ್! ಮೊದಲು ವಿರೋಧಿಗಳ ವಾದವನ್ನೇ ಆಡಿ ಆಮೇಲೆ ಅವರಿಗೆ ಮಣ್ಣು ಮುಕ್ಕಿಸಿದ್ದು ಎಂಥ ಚಾಣಾಕ್ಷತನವೆಂದು ಒಬ್ಬ ಮುದುಕ ಅತ್ತೇಬಿಟ್ಟನಂತೆ.

ಕಾರ್ಯಕ್ರಮ ಮುಗಿದದ್ದೇ ಬೋಗ್ಸ್ ಕಣ್ಣೊರೆಸಿಕೊಂಡು ನೇರ ಅವಳ ಬಳಿ ಬಂದ. ಹಿಂದೆಯೇ ರೋಂಡಾ.

“ಯಾರೇ ಬರ್ದಿದ್ದು? ನನ್ನ ಮನಸ್ಸಲ್ಲಿ ಇದ್ದಿದ್ದನ್ನೇ ಬರ್ದಿದಾನಲ್ಲ!”

‘ಯಾರೋ ಒಬ್ಬರು’ ಎಂದಷ್ಟೇ ಹೇಳಿ ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು. ವಾಲ್ಟರ್‌ನ ಮುಖ ಕಣ್ಣ ಮುಂದೆ ಬಂತು. ಆದರೂ ತಡೆದುಕೊಳ್ಳಲು ಆಗಲಿಲ್ಲ. ಒಂದು ಸಲವಾದರೂ ಈ ಮುಖಕ್ಕೆ ನಾಚಿಕೆ ಹತ್ತಲಿ!

“ಎದುರು ಬೀದಿ ಚಾನೆಲ್ಲಿನ ಪೌಲಾ ಬರ್ದಿದ್ದು,” ಎಂದಳು. “ಆರು ವರ್ಷದ ಹಿಂದೆ, ಅವರ ಅಧ್ಯಕ್ಷರ ಪರವಾಗಿ. ಆಗ ನೀವು ಅದನ್ನ ಇದೇ ಗಾಜಿಗೆ ಹಾಕಿಸ್ಕೊಂಡು, ಇದೇ ಕುರ್ಚೀಲಿ ಕೂತು, ಹೆಂಗಸಿನ ದನಿ ಮಾಡಿ ಓದಿ ಊರನ್ನೆಲ್ಲ ನಗಿಸಿದ್ರಿ. ಮರ್ತೋಯ್ತಾ?”

ರೋಂಡಾ ನೆಲ ನೋಡಿದಳು. ಬೋಗ್ಸ್ ಅರೆಗಳಿಗೆ ಯೋಚಿಸಿದ. ಆಮೇಲೆ ನೋರೀನ್‌ಳ ಬೆನ್ನು ತಟ್ಟಿದ.

“ಜಾಣೆ ಕಣೇ ನೀನು! ರೋಂಡಾ, ಇವಳನ್ನ ಎಲ್ಲಿಗೂ ಕಳಿಸ್ಬೇಡ. ನೋರೀನ್, ಎರಡೂ ಭಾಷಣಾನ ಜೋಪಾನವಾಗಿ ಇಟ್ಟಿರು. ಮುಂದಿನ ಸಲ ಯಾರು ಗೆಲ್ತಾರೋ ಏನೋ!”