ಹಿಂದಿನ ಮಗುವಿನ ತೂಕ

"ಭಾವ, ಕೈ ತೆಗೀರಿ," ಎಂದಳು ಅವಳು. ಅಕ್ಕನ ಗಂಡನ ಎರಡೂ ಅಂಗೈಗಳು ಕೀಬೋರ್ಡನ್ನು ಮುಚ್ಚಿಕೊಂಡಿದ್ದವು. ಸ್ಪೀಕರಿಗೆ ಹಾಕಿದ್ದ ಫೋನಿನಲ್ಲಿ ಮಕ್ಕಳ ವಾರ್ಡಿನ ನರ್ಸ್ ಕೂಗಿಕೊಳ್ಳುತ್ತಿದ್ದಳು: "ಹೋದ ವಾರ ನೀವು ಹಾಕ್ಕೊಟ್ಟ ಔಷಧಿ ಲೆಕ್ಕದ ಪ್ರೋಗ್ರಾಂ, ಪಕ್ಕದ ಹಾಸಿಗೆ ಮಗುವಿನ ಡೋಸನ್ನ ಈ ಕೂಸಿಗೆ ತೋರಿಸ್ತಿದೆ! ನನ್ನ ಕಣ್ಣಿಗೆ ಬಿತ್ತು, ಸರಿಹೋಯ್ತು. ಬೇಗ ಏನಾದ್ರೂ ಮಾಡಿ!"

"ಪುಸ್ತಕದಲ್ಲಿರೋ ಹಾಗೇ ಬರ್ದಿದೀನಿ ಕಣಮ್ಮ," ಎಂದ ಭಾವ. "ಸ್ಟ್ರಾಟೆಜಿ ಪ್ಯಾಟರ್ನ್ ಅನ್ನೋ ಕ್ರಮ. ಒಂದೊಂದು ಔಷಧಿ ಲೆಕ್ಕಕ್ಕೂ ಒಂದೊಂದು ಕ್ಲಾಸ್, ಲೆಕ್ಕಾನೂ ಅದರ ಅಂಕಿಗಳನ್ನೂ ಒಟ್ಟಿಗೆ ಇಡೋ ಡಬ್ಬಿ ಇದ್ದ ಹಾಗೆ. ಯಾವುದು ಬೇಕೋ ಅದನ್ನ ಎತ್ತಿ ಹಾಕೋದು, ಅಷ್ಟೇ."

"ಎತ್ತಿ ಹಾಕ್ತೀರಿ, ಸರಿ. ಅದು ಹಿಂದಿನ ಮಗುವಿನ ತೂಕಾನ ಹೊಟ್ಟೇಲಿಟ್ಕೊಂಡೇ ಮುಂದಿನ ಹಾಸಿಗೆಗೆ ಹೋಗ್ತಿದೆ. ಅದಕ್ಕೆ ಹೊಟ್ಟೆ ಯಾಕೆ ಬೇಕು ಭಾವ? ಬರೀ ಒಂದು ಫಂಕ್ಷನ್ ಸಾಕು, ಅದನ್ನೂ ಹಾಗೇ ಎತ್ತಿ ಹಾಕಬಹುದು. ತೂಕ ಕೊಟ್ರೆ ಡೋಸ್ ಹೇಳುತ್ತೆ. ಏನನ್ನೂ ನೆನಪಿಟ್ಕೊಳ್ಳಲ್ಲ."

ಅಂಗೈಗಳು ಕದಲಲಿಲ್ಲ. ಅವಳು ಆ ತಣ್ಣನೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕ್ಲಾಸಿನ ಹೆಸರು ಹೋಯಿತು, ತೂಕ ಕೂಡಿಟ್ಟ ಜಾಗ ಹೋಯಿತು. ಭಾವ ಹೆಮ್ಮೆಪಟ್ಟು ಬರೆದಿದ್ದರಲ್ಲಿ ಪರದೆಯ ಮೇಲೆ ಉಳಿದದ್ದು ಮೂರೇ ಸಾಲು. ಅದನ್ನು ವಾರ್ಡಿಗೆ ಕಳಿಸಿ, "ಸಿಸ್ಟರ್, ಈಗ ನೋಡಿ," ಎಂದಳು. ಆ ಕಡೆ ಕಾಗದದ ಮೇಲೆ ಪೆನ್ನು ಓಡುವ ಸದ್ದು. ಆಮೇಲೆ, "ಸರಿಯಾಗಿದೆ. ನಾನು ಕೈಯಲ್ಲಿ ಹಾಕಿದ ಲೆಕ್ಕಕ್ಕೂ ತಾಳೆಯಾಗ್ತಿದೆ."

ಅವಳಿಗೆ ಹೋದ ಜೀವ ಬಂದಂತಾಯಿತು. ಭಾವ ಮಾತ್ರ ಕಟ್ಟಾಗಲಿದ್ದ ಫೋನಿನ ಮೇಲೆ ಬಗ್ಗಿ, ಮೆಲ್ಲಗೆ ಕೇಳಿದ:

"ಸಿಸ್ಟರ್, ಇವತ್ತು ನೀವು ನೋಡಿದ್ರಿ. ನಿನ್ನೆ ಯಾರು ನೋಡಿದ್ರು?"