ಅಪ್ಪನಿಂದ ಒಂದು, ಅಮ್ಮನಿಂದ ಒಂದು

ಸೊಸೆ ಅರ್ಪೆನಿಕ್ ಎಡಕ್ಕೆ ತಿರುಗಿದಳು. ಐವತ್ತು ಹೆಜ್ಜೆ ಹಿಂದೆ ಬರುತ್ತಿದ್ದ ಸಿರಾನುಶ್ ಗಕ್ಕನೆ ನಿಂತಳು. ಸೊಸೆಯ ಅಪ್ಪ ಅಮ್ಮನ ಸಮಾಧಿ ಇರುವುದು ಬಲಕ್ಕೆ.

ಸಿಕ್ಕಿಬಿದ್ದಳು ಕಳ್ಳಿ!

ಡಿಸೆಂಬರ್ ಏಳು. ಗ್ಯುಮ್ರಿ ಊರಿಗೆ ಊರೇ ಸ್ಮಶಾನದಲ್ಲಿತ್ತು. ಭೂಕಂಪವಾಗಿ ಇಂದಿಗೆ ಹದಿನಾಲ್ಕು ವರ್ಷ. ಪ್ರತಿ ವರ್ಷ ಈ ದಿನ ಅರ್ಪೆನಿಕ್ ಒಬ್ಬಳೇ ಬರುತ್ತಿದ್ದಳು, ಯಾರನ್ನೂ ಜೊತೆಗೆ ಸೇರಿಸುತ್ತಿರಲಿಲ್ಲ. ಹೆತ್ತವರ ದುಃಖವೆಂದು ಸಿರಾನುಶ್ ಸುಮ್ಮನಿದ್ದಳು. ಎಂಥ ಪೆದ್ದಿ ನಾನು ಅಂತ ಈಗ ಮೈ ಪರಚಿಕೊಳ್ಳುವಂತಾಯಿತು. ಮೊಮ್ಮಗಳ ಸ್ವೆಟರಿಗೆಂದು ತಂದ ಕೆಂಪು ಉಣ್ಣೆಯಲ್ಲಿ ಪ್ರತಿ ಚಳಿಗಾಲ ಒಂದಿಷ್ಟು ಮಾಯವಾಗುತ್ತಿತ್ತಲ್ಲ, ಯಾವನ ಕೈಗೆ ಗವಸು ಹೆಣೆಯುತ್ತಿದ್ದಳೋ!

ಗುಟ್ಟು ಬಯಲಿಗೆಳೆದದ್ದು ಮೊಮ್ಮಗಳ ಜ್ವರ. ತಿಂಗಳಿಗೊಮ್ಮೆ ಬರುತ್ತಿತ್ತು, ಮೂರೇ ದಿನ ಇರುತ್ತಿತ್ತು. ಹುಡುಗಿ ಹೊಟ್ಟೆ ಹಿಡಿದು ಮುದುಡಿಕೊಂಡರೆ ಹೊದಿಕೆ ತಾಗಿದರೂ ಚೀರುತ್ತಿದ್ದಳು. ನಾಲ್ಕನೆಯ ದಿನ ಏನೂ ಆಗದವಳ ಹಾಗೆ ಎದ್ದು ರೊಟ್ಟಿ, ಚೀಸು ಬೇಡುತ್ತಿದ್ದಳು. ಶಾಲೆಯಲ್ಲಿ ನಾಟಕ ಅಂದರು. ಒಬ್ಬ ಡಾಕ್ಟರು ಅಪೆಂಡಿಕ್ಸ್ ಅಂದು ಹೊಟ್ಟೆ ಕೊಯ್ದರು. ಮುಂದಿನ ತಿಂಗಳೂ ಜ್ವರ ತಪ್ಪದೆ ಬಂತು. ಅರ್ಪೆನಿಕ್ ಜಗ್ಗಲಿಲ್ಲ, ಮಗಳನ್ನು ಕರೆದುಕೊಂಡು ರಾಜಧಾನಿ ಯೆರೆವಾನ್‌ಗೆ ಬಸ್ಸು ಹತ್ತಿದಳು.

"ಸೋಂಕಿಲ್ಲ, ಗಾಯವಿಲ್ಲ, ಆದ್ರೂ ಮೈ ತನ್ನ ಮೇಲೆ ತಾನೇ ಉರಿದುಬೀಳುತ್ತೆ," ಅಂದರು ಅಲ್ಲಿಯ ಡಾಕ್ಟರಮ್ಮ. "ನಮ್ಮ ಜನರಲ್ಲಿ ಇದು ವಂಶದಲ್ಲೇ ಬರುತ್ತೆ. ದಿನಾ ಕಾಲ್ಚಿಸಿನ್ ಮಾತ್ರೆ ನುಂಗ್ಬೇಕು, ಬದುಕಿರೋವರೆಗೂ. ಬಿಟ್ರೆ ಕಿಡ್ನಿ ಹೋಗುತ್ತೆ. ಇವಳ ಜೀನ್‌ನಲ್ಲಿ ಎರಡು ದೋಷ ಸಿಕ್ಕಿವೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದಿರುತ್ತೆ. ಇಬ್ಬರ ರಕ್ತವನ್ನೂ ನೋಡಿಬಿಡೋಣ."

ಸಿರಾನುಶ್‌ಳ ಮಗ ಗುರ್ಗೆನ್ ತೋಳು ಚಾಚಿದ. ಅರ್ಪೆನಿಕ್, "ನನ್ನದು ಆಮೇಲೆ," ಅಂದಳು.

ಕಳೆದ ವಾರ ಗುರ್ಗೆನ್‌ನ ವರದಿ ಬಂತು. ಆ ಎರಡರಲ್ಲಿ ಒಂದೂ ಅವನ ರಕ್ತದಲ್ಲಿರಲಿಲ್ಲ.

"ಹಾಗಾದ್ರೆ ಹುಡುಗಿಗೆ ಯಾರಿಂದ ಬಂತು?" ಸಿರಾನುಶ್ ಅಲ್ಲೇ ಕೇಳಿದಳು.

ಡಾಕ್ಟರಮ್ಮ ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದರು. "ಅರ್ಪೆನಿಕ್, ನಿಮ್ಮ ರಕ್ತವನ್ನೂ ಒಮ್ಮೆ..."

"ನನ್ನದ್ಯಾಕೆ?" ಅರ್ಪೆನಿಕ್ ತೋಳನ್ನು ಶಾಲಿನೊಳಗೆ ಎಳೆದುಕೊಂಡಳು. "ಅಪ್ಪ ಬೇರೆ ಅಂತ ಬರ್ಕೊಳ್ಳಿ. ತಪ್ಪು ನಂದೇ ಅಂತ ಬರ್ಕೊಳ್ಳಿ. ಮಾತ್ರೆ ಕೊಡಿ, ಹೊರಡ್ತೀವಿ."

"ಥೂ! ಬಾಯಿಬಿಟ್ಟು ಹೇಳೋಕೂ ನಾಚಿಕೆ ಇಲ್ವಲ್ಲೇ ನಿಂಗೆ! ಯಾರೇ ಅವನು?"

"ಅವನ ಹೆಸರು ನಂಗೂ ಗೊತ್ತಿಲ್ಲ, ಅತ್ತೆ. ಅಪ್ಪ ಯಾರಾದ್ರೂ ಆಗ್ಲಿ, ಅವಳಮ್ಮ ನಾನು. ಅದನ್ನ ಮಾತ್ರ ಯಾವ ಡಾಕ್ಟರ ಕೈಲೂ ಇಲ್ಲ ಅನ್ನಿಸ್ಕೊಳ್ಳೋಳಲ್ಲ ನಾನು."

ಗುರ್ಗೆನ್ ಅಂದಿನಿಂದ ಅಡುಗೆಮನೆಯಲ್ಲಿ ಮಲಗುತ್ತಿದ್ದ. ಹೊಸ ವರ್ಷದೊಳಗೆ ತಾಯಿ ಮಗಳಿಬ್ಬರೂ ಮನೆ ಖಾಲಿ ಮಾಡಬೇಕು ಎಂದು ಸಿರಾನುಶ್ ಹೇಳಿಯಾಗಿತ್ತು. "ಮಾಡ್ತೀನಿ," ಅಂದಿದ್ದಳು ಸೊಸೆ, ತಲೆಯೆತ್ತಿಕೊಂಡೇ. "ಹಾದರಗಿತ್ತಿ ಅನ್ನಿ, ಬೀದಿಲಿ ನಿಂತು ಕೂಗಿ. ಮಗಳ ಕೈ ಬಿಡಲ್ಲ."

ಸಿರಾನುಶ್‌ಗೆ ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿದದ್ದು ಹೆಸರಿನ ವಿಷಯಕ್ಕೆ. ಮೊದಲ ಮೊಮ್ಮಗಳೆಂದು ಅಜ್ಜಿಯ ಹೆಸರನ್ನೇ ಇಟ್ಟಿದ್ದರು, ಸಿರಾನುಶ್ ಅಂತ. ಯಾವನದೋ ಕೂಸಿಗೆ ತನ್ನ ಹೆಸರು! ಆಗ ಗುರ್ಗೆನ್ ಸೈಬೀರಿಯಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ತಾನು ಬೆಟ್ಟದಾಚೆಯ ಹಳ್ಳಿಯಲ್ಲಿದ್ದಳು. ನಲವತ್ತು ದಿನ ತುಂಬುವವರೆಗೆ ಎಳೆಗೂಸನ್ನು ಹೊರಗಿನವರ ಕಣ್ಣಿಗೆ ಬೀಳಿಸುವಂತಿಲ್ಲ. ನಲವತ್ತನೆಯ ದಿನಕ್ಕೆ ಬರುತ್ತೇನೆ ಎಂದು ಹೇಳಿ ಕಳಿಸಿದ್ದಳು. ಕೂಸಿಗೆ ಹತ್ತೊಂಬತ್ತು ದಿನವಾದಾಗ ಭೂಮಿ ನಡುಗಿತು.

ತಾನೂ ಗುರ್ಗೆನ್‌ನೂ ಬಂದು ತಲುಪಿದಾಗ ಅರ್ಪೆನಿಕ್ ಬೀದಿಯಲ್ಲಿ ಬೆಂಕಿಯ ಪಕ್ಕ ಕೂತು ಮಗುವಿಗೆ ಹಾಲೂಡಿಸುತ್ತಿದ್ದಳು. ಕಲ್ಲುಮಣ್ಣು ಬಗೆದು ಬಗೆದು ಬೆರಳಲ್ಲಿ ಉಗುರೇ ಉಳಿದಿರಲಿಲ್ಲ. ಅವತ್ತು ಸಿರಾನುಶ್ ಆ ಬೆರಳುಗಳಿಗೆ ಮುತ್ತಿಟ್ಟು ಗೊಳೋ ಎಂದು ಅತ್ತಿದ್ದಳು. ಈಗ ನೆನೆದರೆ ಮೈಯೆಲ್ಲ ಬೆಂಕಿ.

ಹನ್ನೊಂದು ನಲವತ್ತೊಂದಕ್ಕೆ ಇಗರ್ಜಿಯ ಗಂಟೆ ಹೊಡೆಯಿತು. ಊರೆಲ್ಲ ತಲೆ ತಗ್ಗಿಸಿ ನಿಂತಿತು. ಸಿರಾನುಶ್ ನಿಲ್ಲಲಿಲ್ಲ, ದಾಪುಗಾಲು ಹಾಕಿದಳು.

ಬೇಲಿಯ ಮೂಲೆಯಲ್ಲಿ ಅರ್ಪೆನಿಕ್ ಮಂಡಿಯೂರಿದ್ದಳು. ಸುತ್ತ ಗಂಡಸು ಅನ್ನುವವನ ಸುಳಿವೇ ಇರಲಿಲ್ಲ. ಅವಳೆದುರು ಗೇಣುದ್ದದ ಕರಿಕಲ್ಲು. ಕಲ್ಲಿನ ಬುಡದಲ್ಲಿ ಕೆಂಪು ಉಣ್ಣೆಯ ಒಂದು ಜೊತೆ ಕಾಲುಚೀಲ, ಹೆಬ್ಬೆರಳು ತೂರಿದರೆ ಹೆಚ್ಚು.

"ಬನ್ನಿ, ಅತ್ತೆ," ತಿರುಗದೆಯೇ ಅಂದಳು. "ನಲವತ್ತನೇ ದಿನಕ್ಕೆ ನೋಡೋಕೆ ಬರ್ತೀನಿ ಅಂದಿದ್ರಿ. ತಡ ಮಾಡಿದ್ರಿ."

ಮೊಳೆಯಲ್ಲಿ ಗೀಚಿದ್ದ ಅಕ್ಷರಗಳನ್ನು ಸಿರಾನುಶ್ ಬಗ್ಗಿ ಓದಿದಳು. ಮೇಲೆ ತನ್ನದೇ ಹೆಸರಿತ್ತು, ಅದರ ಕೆಳಗೆ 'ಹತ್ತೊಂಬತ್ತು ದಿನ' ಎಂದಿತ್ತು.