ಬೆಣ್ಣಿಹಳ್ಳದ ನಾಕಾ

ಬೆಣ್ಣಿಹಳ್ಳದ ದಂಡೆಗೆ ಇಳಿದ ಮೇಲೆಯೇ ನಾಕಾ ಕಣ್ಣಿಗೆ ಬಿತ್ತು. ಹಿಂದಿರುಗುವ ಹಾಗಿರಲಿಲ್ಲ. ಸಿಪಾಯಿಗಳು ಆಗಲೇ ಇವರನ್ನು ನೋಡಿಬಿಟ್ಟಿದ್ದರು.

“ನಿಂದರಬ್ಯಾಡ, ನಡಿ,” ಎಂದಳು ಸಿದ್ದಲಿಂಗವ್ವ, ತುಟಿ ಅಲುಗಿಸದೆ. “ನಿಂತರ ಸಂಶೆ ಬರತೈತಿ.”

ಹೂವಪ್ಪ ಕಂಬಳಿಯನ್ನು ಎಡಹೆಗಲ ಮೇಲೆ ಇನ್ನಷ್ಟು ಎಳೆದುಕೊಂಡ. ಅದರಡಿ ಗುಂಡು ಸವರಿದ ಗಾಯ ಇನ್ನೂ ಮಾಗಿರಲಿಲ್ಲ. ಅದು ೧೮೫೮ರ ಮಳೆಗಾಲದ ಆರಂಭ. ನರಗುಂದದ ಕೋಟೆ ಬಿದ್ದು ತಿಂಗಳೂ ಆಗಿರಲಿಲ್ಲ. ಕೋಟೆಯೊಳಗೆ ಬಂದೂಕು ಹಿಡಿದವರನ್ನು ಕಂಪನಿಯವರು ಹುಡುಕಿ ಹುಡುಕಿ ಗಲ್ಲಿಗೆ ಹಾಕುತ್ತಿದ್ದರು. ಮೈಮೇಲೆ ಹಸಿ ಗಾಯವಿದ್ದರೆ ಬೇರೆ ಸಾಕ್ಷಿಯೇ ಬೇಡ.

ಗಜೇಂದ್ರಗಡದಲ್ಲಿ ಅವಳು ಅವನನ್ನು ಮಗ್ಗದ ಕುಣಿಯಲ್ಲಿ ಅಡಗಿಸಿ, ಮೇಲೆ ಕೂತು ಸೀರೆ ನೇಯ್ದಿದ್ದಳು. ಹುಡುಕಲು ಬಂದವರು ಬಾಗಿಲಲ್ಲಿ ನಿಂತು, ಮಗ್ಗದ ಸದ್ದು ಕೇಳಿ ಹೋಗಿದ್ದರು. ಅವಳ ಕಾಲ ಬಳಿ ಅವನು ಮುದುಡಿಕೊಂಡು ಉಸಿರು ಬಿಗಿಹಿಡಿದಿದ್ದ.

ಆಮೇಲೆ ಎತ್ತಿನ ಮೇಲೆ ಸೀರೆಗಂಟು ಹೇರಿಕೊಂಡು ಇಬ್ಬರೂ ಮೊಗಲಾಯಿಗೆ ದಾಟಿದರು. ನಿಜಾಮನ ರಾಜ್ಯ, ಪರನಾಡು. ಹೈದರಾಬಾದು ಸೇರಿಬಿಟ್ಟರೆ ಕೇಳುವವರಾರು ಎಂಬ ಧೈರ್ಯ. ಆ ಧೈರ್ಯ ಕುಷ್ಟಗಿಯ ಸಂತೆಯಲ್ಲೇ ಮುಗಿಯಿತು. ನರಗುಂದದಿಂದ ಓಡಿಬಂದವರನ್ನು ಮೊಗಲಾಯಿಯಲ್ಲೂ ಹಿಡಿದು ಕಂಪನಿಗೆ ಒಪ್ಪಿಸುತ್ತಾರಂತೆ ಎಂದು ಅಲ್ಲಿ ಎಲ್ಲರ ಬಾಯಲ್ಲೂ ಅದೇ ಸುದ್ದಿ.

“ಗೋವೆಕ್ಕ ಹೋಗೂಣು,” ಎಂದಿದ್ದಳು ಸಿದ್ದಲಿಂಗವ್ವ. “ಅದು ಫಿರಂಗ್ಯಾರ ರಾಜ್ಯ. ಕಂಪನಿ ಕೈ ಅಲ್ಲಿಗೆ ನಿಲುಕೂದಿಲ್ಲ.”

“ಹಾದಿ ನರಗುಂದದ ಮ್ಯಾಲೇ ಐತಲ್ಲ! ನನ್ನ ಗುರುತು ಹಿಡಿಯೂ ಮಂದಿ ಇರೂದ ಅಲ್ಲಿ.”

“ಅದಕ್ಕ ಅಲ್ಲಿ ಯಾರೂ ನಿನ್ನ ಹುಡುಕೂದಿಲ್ಲ. ಸುಮ್ಮನ ನಡಿ.”

ಹೈದರಾಬಾದಿಗೆ ಹೊರಟಿದ್ದ ಎತ್ತು ಪಶ್ಚಿಮಕ್ಕೆ ತಿರುಗಿತು. ಹುಲಿಗೆ ಹೆದರಿ ಹುಲಿಯ ಗವಿಯನ್ನೇ ಹೊಕ್ಕಂತಾಯಿತು, ಮತ್ತೇನು!

ಮುಶಿಗೇರಿ, ಇಟಗಿ, ರೋಣ. ಯಾವ ಊರಿನಲ್ಲಿ ನಾಯಿ ಬೊಗಳಿದರೂ ಜೀವ ಬಾಯಿಗೆ ಬರುತ್ತಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಕಳ್ಳತನ ಮಾಡದವರಿಗೂ ಅದು ತಪ್ಪಿದ್ದಲ್ಲ. ಸಿದ್ದಲಿಂಗವ್ವನಂತೂ ತನ್ನ ಕೈಬಳೆಗಳ ಸದ್ದಿಗೇ ಬೆಚ್ಚಿಬೀಳುತ್ತಿದ್ದಳು. ಹಣೆಯ ಕುಂಕುಮ ಬೆವರಿಗೆ ಅಳಿಸಿತೇನೋ ಎಂದು ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಇಟಗಿಯ ಬಾವಿಯಲ್ಲಿ ನೀರು ಸೇದುತ್ತಿದ್ದ ಗಾಳೆವ್ವನೆಂಬ ಮುದುಕಿ ಇವರನ್ನು ಕಂಡು ಬಾಯ್ತುಂಬ ನಕ್ಕಿದ್ದಳು.

“ಏನಬೇ, ಗಂಡನ್ನ ಹಿಂದ ಹಾಕಿ ನೀನ ಮುಂದ ಹೊಂಟೀಯಲ್ಲ! ಮನ್ಯಾಗೂ ನಿಂದ ಕಾರಭಾರ ಏನು?”

ಸಿದ್ದಲಿಂಗವ್ವ ಸೆರಗು ಎಳೆದುಕೊಂಡು ಹಿಂದೆ ಸರಿದಳು. ಅಲ್ಲಿಂದ ಮುಂದೆ ಅವನ ಹಿಂದೆಯೇ ನಡೆದಳು.

ನಾಕಾದ ಜಮಾದಾರ ಜಂಗ್ಲಿಸಾಬ ರೋಣದ ಕಡೆಯವನು, ನರೆತ ಗಡ್ಡದವನು. ಅವನ ಹಿಂದೆ ಡೇರೆಯ ನೆರಳಿನಲ್ಲಿ ಮೀಸೆ ಈಗಷ್ಟೇ ಮೂಡಿದ ಬಿಳಿಯ ಸಾಹೇಬ. ಈ ಸೀಮೆಗೆ ಹೊಸಬ, ಕನ್ನಡ ಬಾರದು. ಅವನು ಹರಕು ಹಿಂದುಸ್ತಾನಿಯಲ್ಲಿ ಅಪ್ಪಣೆ ಕೊಟ್ಟ: ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ ಅವವೇ ಪ್ರಶ್ನೆ ಕೇಳಬೇಕು. ಒಂದು ಉತ್ತರ ಹೊಂದದಿದ್ದರೂ ಗಂಡಸಿನ ಕಂಬಳಿ ತೆಗೆಸಬೇಕು.

ಜಂಗ್ಲಿಸಾಬ ಹೂವಪ್ಪನನ್ನು ಬೇವಿನ ಮರದಾಚೆ ಕರೆದೊಯ್ದು ಕೇಳಿ ಬಂದ. ಆಮೇಲೆ ಇವಳ ಮುಂದೆ ನಿಂತ.

“ಯಾವೂರು?”

“ಗಜೇಂದ್ರಗಡ ರೀ.”

“ಎಲ್ಲಿಗೆ ಹೊಂಟೀರಿ?”

“ಧಾರವಾಡದ ಕಡೆ ರೀ. ಸೀರಿ ಮಾರಾಕ.”

“ಅಂವ ಯಾರು?”

“ನನ್ನ ಗಂಡ ರೀ.”

“ಏನು ನಿನ್ನ ಗಂಡನ ಹೆಸರು?”

ಅವಳ ಕಣ್ಣು ಮರದಾಚೆಯ ಕಂಬಳಿಯ ಮೇಲೆಯೇ ಇತ್ತು. ತಡವರಿಸಿದರೆ ಅವನ ಕೊರಳಿಗೆ ಹಗ್ಗ. ಇದೊಂದು ಹೊಂದಿದರೆ ಸಾಕು, ಗೆದ್ದೆವು.

“ಹೂವಪ್ಪ!” ಎಂದಳು, ಜಮಾದಾರನ ಮಾತಿನ ಬೆನ್ನಿಗೇ.

ಜಂಗ್ಲಿಸಾಬ ಗಡ್ಡ ನೀವಿಕೊಂಡ. ಅವಳನ್ನು ನೋಡಿದ. ತಿರುಗಿ ದೂರದಲ್ಲಿದ್ದ ಅವನನ್ನು ನೋಡಿದ. ಮತ್ತೆ ಅವಳ ಮುಖವನ್ನೇ ದಿಟ್ಟಿಸಿದ. ಸಿದ್ದಲಿಂಗವ್ವ ಸೆರಗು ಎಳೆದುಕೊಂಡಳು. ಯಾಕೆ ಹೀಗೆ ನೋಡುತ್ತಾನೆ? ಹೂವಪ್ಪ ಬೆದರಿ ಬೇರೆ ಹೆಸರೇನಾದರೂ ಹೇಳಿಬಿಟ್ಟನೇ? ಅಯ್ಯೋ ಶಿವನೇ!

ಡೇರೆಯಿಂದ ಸಾಹೇಬ ಏನೋ ಕೂಗಿ ಕೇಳಿದ.

“ಇಬ್ಬರೂ ಒಂದೇ ಹೆಸರು ಹೇಳಿದರು, ಹುಜೂರ್,” ಎಂದು ಜಮಾದಾರ ಹಿಂದುಸ್ತಾನಿಯಲ್ಲಿ ಉತ್ತರಿಸಿದ. ಸಾಹೇಬ ಹಿಗ್ಗಿದ. ತನ್ನ ಉಪಾಯಕ್ಕೆ ತಾನೇ ತಲೆದೂಗಿ, ಬಿಟ್ಟುಬಿಡು ಎಂದು ಕೈಬೀಸಿದ.

ಅವಳಿಗೆ ಅಳು ಉಕ್ಕಿ ಬಂತು. ನುಂಗಿಕೊಂಡಳು. ಹೂವಪ್ಪ ಮುಂದೆ ಹೋಗಿ ಕೋಲಿನಿಂದ ಹಳ್ಳದ ಆಳ ನೋಡುತ್ತಿದ್ದ. ಅವಳು ಎತ್ತಿನ ಹಗ್ಗ ಹಿಡಿದು ನೀರಿಗೆ ಕಾಲಿಡಬೇಕು, ಅಷ್ಟರಲ್ಲಿ ಜಂಗ್ಲಿಸಾಬ ಹಿಂದೆಯೇ ಬಂದ. ಡೇರೆಗೆ ಬೆನ್ನು ಮಾಡಿ ನಿಂತ. ಸೀರೆಗಂಟನ್ನು ಬಿಗಿ ಮಾಡುವವನಂತೆ ಬಾಗಿ, ಅವಳೊಬ್ಬಳಿಗೇ ಕೇಳುವಂತೆ ಹೇಳಿದ:

“ಯವ್ವಾ, ಮುಂದಿನ ನಾಕಾದಾಗ ಗಂಡನ ಹೆಸರು ಕೇಳಿದರ ನಾಚಿಗೊಂಡು ಸುಮ್ಮನ ನಿಂದರು; ಹಿಂಗ ತಮ್ಮನ ಹೆಸರು ಹೇಳಿದಂಗ ಪಟ್ಟನ ಹೇಳಿಬಿಡಬ್ಯಾಡ.”